ದಿಂಬಿನ ಬಾಕ್ಸಿಂಗ್

ಬಾಕ್ಸಿಂಗ್ ಬಹಳ ಸುಲಭದ ವಿದ್ಯೆ ಎಂದು ನಾನು ನಂಬಿದ್ದೆ. ಚಿಕ್ಕಬಳ್ಳಾಪುರದ ಟೆಂಟಿನಲ್ಲಿ ನೋಡಿದ ಒಂದು ಹಳೆಯ ಮೂಕಿ ಚಿತ್ರವೇ ಅದಕ್ಕೆ ಆಧಾರ. ಅದರಲ್ಲಿ ಒಬ್ಬ ನರಪೇತಲ, ದಾಂಡಿಗನ ಏಟುಗಳಿಗೆಲ್ಲ ಬಗ್ಗಿ, ರೆಫರಿಯ ಬೆನ್ನ ಹಿಂದೆ ಅವಿತು, ಕೊನೆಗೆ ಗೆದ್ದುಬಿಡುತ್ತಾನೆ. ನಮ್ಮ ಶಿಡ್ಲಘಟ್ಟದ ಶಾಲೆಯ ವಾರ್ಷಿಕೋತ್ಸವದಲ್ಲಿ ಇದನ್ನೇ ಆಡಿ ತೋರಿಸುವುದಾಗಿ ಕನ್ನಡ ಮೇಷ್ಟರಾದ ನಾನು ಘೋಷಿಸಿದೆ. ನರಪೇತಲನ ಪಾತ್ರಕ್ಕೆ ನನಗೆ ಮೇಕಪ್ಪು ಬೇಕಿರಲಿಲ್ಲ!

ದಾಂಡಿಗ ನಮ್ಮ ಡ್ರಿಲ್ ಮೇಷ್ಟರು ವೆಂಕಟರವಣಪ್ಪ. ಚಿಂತಾಮಣಿ ಕಡೆಯವರು, ಮನೆಮಾತು ತೆಲುಗು. ಮೂಕಿಯಾದ್ದರಿಂದ ವೇದಿಕೆಯ ಮೇಲೆ ಇಬ್ಬರೂ ಬಾಯಿ ಬಿಡಕೂಡದೆಂದು ಕರಾರು. ಕರಾರು ನನ್ನದೇ.

ಗೌರಿಬಿದನೂರಿನಿಂದ ಮಾವನವರೂ ಬರುವವರಿದ್ದರು. ಮಗಳನ್ನು ಎಂಥವನಿಗೆ ಕೊಟ್ಟೆನೋ ಎಂಬ ಅನುಮಾನ ಅವರಿಗೆ ಮದುವೆಯಾದಾಗಿನಿಂದ ಇತ್ತು.

"ಅಪ್ಪನ ಮುಂದೆ ಒಂದಿನ ಮರ್ಯಾದೆಯಾಗಿರಿ, ಸಾಕು," ಎಂದಳು ನನ್ನ ಹೆಂಡತಿ ಸಾವಿತ್ರಿ.

ಖಂಡಿತ ಎಂದೆ. ಅವಳು ನೀರಿಗೆ ಹೋದಾಗ, ಮಾವನವರು ಮದುವೆಗೆ ಕೊಟ್ಟಿದ್ದ ಬೂರುಗದ ಹತ್ತಿಯ ಎರಡು ದಿಂಬುಗಳನ್ನು ಬಿಚ್ಚಿ ನಾಲ್ಕು ಕೈಗವಸು ಹೊಲಿದೆ. ಕೆಂಪು ದಾರದಲ್ಲಿ ಕಸೂತಿ ಹಾಕಿದ್ದ 'ಸಾವಿತ್ರಿ' ನನ್ನ ಬಲಗೈಗೆ ಬಂತು.

ಪರದೆ ಎದ್ದಿತು. ಎರಡನೆಯ ಏಟಿಗೇ ಡ್ರಿಲ್ ಮೇಷ್ಟರ ಕೈಗವಸಿನ ಹತ್ತಿಯೆಲ್ಲ ಮಣಿಕಟ್ಟಿಗೆ ಸರಿದು, ಬರೀ ಮುಷ್ಟಿ ನನ್ನ ಕಿವಿಗೆ ಬಿತ್ತು. ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಕರಾರು ಮುರಿದು, "ಕೈ ಕೊಟ್ಟು ಮುಗ್ಸಿ ಮೇಷ್ಟ್ರೇ," ಎಂದು ಕುಲುಕಲು ಕೈ ಚಾಚಿ ಬೇಡಿಕೊಂಡೆ. ಆ ಗದ್ದಲದಲ್ಲಿ 'ಕೈ' ಹಾರಿಹೋಯಿತು. 'ಕೊಟ್ಟು' ಮಾತ್ರ ಅವರಿಗೆ ತಲುಪಿತು. ತೆಲುಗಿನಲ್ಲಿ ಕೊಟ್ಟು ಎಂದರೆ ಹೊಡೆ. ಅವರು ವಿಧೇಯರಾಗಿ ಹೊಡೆದರು.

ನಾನು ವೇದಿಕೆಯಿಂದ ಹಾರಿದೆ. ನಮ್ಮ ಆಟಕ್ಕೆ ರೆಫರಿ ಇರಲಿಲ್ಲವಾದ್ದರಿಂದ ಮೊದಲ ಸಾಲಿನಲ್ಲಿ ಕೂತಿದ್ದ ಮಾವನವರ ಬೆನ್ನ ಹಿಂದೆ ಅವಿತೆ. ಇದೂ ಆಟವೆಂದೇ ತಿಳಿದು ಡ್ರಿಲ್ ಮೇಷ್ಟರು ಬೆನ್ನಟ್ಟಿ ಬಂದು ಮುಷ್ಟಿ ಬೀಸಿದರು. ಅಂದು ಮೊದಲ ಸಲ ನಾನು ಚಿತ್ರದಲ್ಲಿ ನೋಡಿದಂತೆಯೇ ಸರಿಯಾಗಿ ಬಗ್ಗಿದೆ.

ಮಾವನವರ ಪೇಟ ಹಾರಿತು. ಡ್ರಿಲ್ ಮೇಷ್ಟರ ಕೈಗವಸು ಒಡೆದು ಮಾವನವರ ಮೀಸೆಯ ತುಂಬ ಹತ್ತಿ. ನನ್ನ ಬಲಗೈಯದು ಕಳಚಿ ಅವರ ತೊಡೆಯ ಮೇಲೆ ಬಿತ್ತು. ಅವರು ಅದನ್ನೆತ್ತಿ ಮಗಳ ಹೆಸರು ಓದಿದರು. ಹೆಂಗಸರ ಸಾಲಿನಿಂದ ಸಾವಿತ್ರಿ ತಲೆ ತಗ್ಗಿಸಿ ಎದ್ದು ಹೋದಳು. ಕಿವಿಯ ನೋವು ಆಗಲೇ ಮರೆತುಹೋಗಿತ್ತು. ಅವಳು ಎದ್ದು ಹೋದದ್ದು ಈಗಲೂ ಚುಚ್ಚುತ್ತದೆ.

ಮುಂದಿನ ತಿಂಗಳು ಮಾವನವರು ಎರಡು ಹೊಸ ದಿಂಬು ತಂದರು. ಸಾವಿತ್ರಿಯ ಕೈಗಿಟ್ಟು, "ಇವು ತಲೆ ಕೆಳಗಿಟ್ಕೊಳ್ಳೋಕೆ ಕಣಮ್ಮ. ಅಳಿಯಂದ್ರಿಗೂ ಒಂದ್ಮಾತು ತಿಳಿಸು," ಎಂದರು.

ನಾನು ಅಲ್ಲೇ, ಅವರ ಚೀಲ ಹಿಡಿದುಕೊಂಡು, ಪಕ್ಕದಲ್ಲೇ ನಿಂತಿದ್ದೆ.