ಆಡಿಟ್‌ನವರು ಬಂದಾರ್ರೀ

ಇಪ್ಪತ್ತು ವರ್ಷದಿಂದ ನಾನು ಹೊಸಪೇಟೆಯಲ್ಲಿ ಮನೆ ಮಾಡಿಕೊಂಡು ಸುತ್ತಲಿನ ಪಂಚಾಯ್ತಿ, ಪುರಸಭೆಗಳ ಲೆಕ್ಕ ತಪಾಸಣೆ ಮಾಡುತ್ತಾ ಬಂದವಳು. ಸರ್ಕಾರದ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಕೇಳುವುದೇ ನನ್ನ ಕೆಲಸ. ಇಂಥ ಕೆಲಸದಲ್ಲಿ ನಗುವುದಕ್ಕೆ ಏನಿರುತ್ತದೆ ಅಂತ ನನ್ನ ತಂಗಿ ಕೇಳುತ್ತಾಳೆ. ವಾರಕ್ಕೊಂದಾದರೂ ಇದ್ದೇ ಇರುತ್ತದೆ. ನಿಯಮ ಬದಲಾಗುತ್ತವೆ, ರಿಜಿಸ್ಟರ್ ಬದಲಾಗುತ್ತವೆ, ಕಂಪ್ಯೂಟರ್ ಬರುತ್ತದೆ, ಈ ನಗೆ ಮಾತ್ರ ನಿಂತಿಲ್ಲ. ಆದರೆ ನಗಬೇಕಾದದ್ದು ಫೈಲು ಕಟ್ಟಿಟ್ಟು ಬಸ್ ಹತ್ತಿದ ಮೇಲೆ. ಫೈಲಿನ ಮುಂದೆ ಕೂತಾಗ ಮುಖ ಗಂಟು ಹಾಕಿಕೊಂಡೇ ಇರಬೇಕು. ಹಾಗಂತ ಎಲ್ಲೂ ಬರೆದಿಲ್ಲ, ಆದರೂ ನಮ್ಮ ಇಲಾಖೆಯಲ್ಲಿ ತಪ್ಪದೆ ಪಾಲಿಸುವ ನಿಯಮ ಅದೊಂದೇ.

ಎರಡು ಸಲ ಬರೆಯುವ ಲೆಕ್ಕ

ಪಂಚಾಯ್ತಿಗಳಿಗೆ ಜೋಡಿ ನಮೂದಿನ ಲೆಕ್ಕ ಕಲಿಸಬೇಕು ಅಂತ ಆದೇಶ ಬಂದಾಗ ಒಂದು ದಿನದ ತರಬೇತಿ ಇಟ್ಟರು. ಪಾಠ ಮಾಡಿದವಳು ನಾನೇ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೀಬೇಕು, ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು, ಎರಡೂ ಸರಿ ಹೊಂದಬೇಕು ಅಂತ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದೆ. ಮಧ್ಯಾಹ್ನ ಹೋಳಿಗೆ ಊಟ ಹಾಕಿದ್ದರು. ಆಮೇಲೆ ನಾನು ಹೇಳಿದ್ದು ಎಷ್ಟು ಜನರ ಕಿವಿಗೆ ಬಿತ್ತೋ ಗೊತ್ತಿಲ್ಲ.

ಮೂರು ತಿಂಗಳು ಬಿಟ್ಟು ಕಂಪ್ಲಿ ಕಡೆಯ ಒಂದು ಪಂಚಾಯ್ತಿಗೆ ಹೋದೆ. ಅಧ್ಯಕ್ಷರು ಬಾಗಿಲಿಗೇ ಬಂದರು.

"ಬರ್ರಿ ಮೇಡಂ, ಕುಂದ್ರಿ. ನಿಮ್ಮ ಟ್ರೇನಿಂಗು ಭಾಳ ಚಲೋ ಆತು. ನಮ್ಮ ಕರ ವಸೂಲಿ ಡಬಲ್ ಆಗೇತಿ. ನಮ್ಮ ಕ್ಲರ್ಕಿಗೆ ಮೊನ್ನೆ ಶಾಲು ಹೊದಿಸಿ ಸನ್ಮಾನ ಮಾಡಿದ್ವಿ."

ನನಗೂ ಹೆಮ್ಮೆ ಅನ್ನಿಸಿತು. ಪುಸ್ತಕ ತರಿಸಿ ನೋಡಿದೆ. ನೀರಿನ ಕರ ಇನ್ನೂರು ರೂಪಾಯಿ ಕಟ್ಟಿದ ಮನುಷ್ಯ ಮುಂದಿನ ಸಾಲಿನಲ್ಲಿ ಮತ್ತೆ ಇನ್ನೂರು ಕಟ್ಟಿದ್ದ. ಒಂದು ಸಲ ನೀಲಿ ಪೆನ್ನಿನಲ್ಲಿ, ಒಂದು ಸಲ ಕೆಂಪು ಪೆನ್ನಿನಲ್ಲಿ. ಇಡೀ ಊರೇ ಹಾಗೆ ಕಟ್ಟಿತ್ತು.

ಕ್ಲರ್ಕನ್ನು ಕರೆದೆ. "ಹಿಂಗ್ಯಾಕ ಬರದೀರಿ?"

"ನೀವೇ ಹೇಳಿದ್ರಲ್ರೀ ಮೇಡಂ, ಪ್ರತಿಯೊಂದನ್ನೂ ಎರಡೆರಡು ಬರೀಬೇಕು ಅಂತ."

ಖರ್ಚಿನ ಪುಟ ತಿರುವಿದೆ. ಅಲ್ಲಿ ಎಲ್ಲವೂ ಒಂದೊಂದೇ ಸಲ ಇತ್ತು, ಸನ್ಮಾನದ ಶಾಲೂ ಸೇರಿ.

"ಮತ್ತ ಖರ್ಚು ಯಾಕ ಒಂದ ಸಲ ಬರದೀರಿ?"

ಅವರು ನನ್ನ ಮುಖವನ್ನೇ ನೋಡಿದರು. ಇಷ್ಟು ಕಲಿತವಳು ಇಂಥ ಮಾತು ಕೇಳುತ್ತಾಳಲ್ಲ ಅನ್ನುವ ಬೇಸರ ಕಣ್ಣಲ್ಲಿತ್ತು. "ಮಾಡದ ಖರ್ಚು ಬರೆಯೋದು ತಪ್ಪಲ್ರೀ ಮೇಡಂ? ನಾಳೆ ಆಡಿಟ್‌ನವರು ಹಿಡೀತಾರ."

ಒಂದು ರೂಪಾಯಿ ಮಂಟಪ

ಹಂಪಿ ಸೀಮೆಯಲ್ಲಿ ಕಲ್ಲಿನ ಮಂಟಪವೋ ಬಾವಿಯೋ ಇಲ್ಲದ ಊರು ಕಡಿಮೆ. ಪಂಚಾಯ್ತಿಯ ಆಸ್ತಿಯನ್ನೆಲ್ಲ ಬೆಲೆ ಸಮೇತ ರಿಜಿಸ್ಟರಿಗೆ ಏರಿಸಬೇಕು ಅಂತಾದಾಗ ಅಂಥ ಒಂದು ಊರಿನ ಪಿಡಿಒ ನನಗೆ ಫೋನ್ ಮಾಡಿದರು.

"ಮೇಡಂ, ಊರ ಮುಂದ ಮಂಟಪ ಐತ್ರಿ. ಕಟ್ಟಿದ ವರ್ಷ ಕೇಳ್ತದ ಕಂಪ್ಯೂಟರು. ಅಂದಾಜು ಹಾಕಿದ್ರ ಅಷ್ಟು ಹಳೇ ವರ್ಷ ತಗೊಳ್ಳಂಗಿಲ್ಲ. ಕಂಟ್ರಾಕ್ಟರ್ ಯಾರು ಅಂತ ಕೇಳ್ತದ. ಬಿಲ್ಲು ಎಲ್ಲಿ ಅಂತ ಕೇಳ್ತದ."

ಇಂಥದ್ದಕ್ಕೆ ದಾರಿ ಇದೆ. ಖರ್ಚು ಎಷ್ಟಾಯಿತು ಅಂತ ತಿಳಿಯದ ಹಳೆಯ ಆಸ್ತಿಯನ್ನು ಬಿಟ್ಟುಹೋಗದ ಹಾಗೆ ಒಂದು ರೂಪಾಯಿ ಬೆಲೆಗೆ ತೋರಿಸಬಹುದು. ಹಾಗೇ ಹಾಕಿ ಅಂದೆ. ಮುಂದಿನ ತಿಂಗಳು ಸ್ಥಳ ತಪಾಸಣೆಗೆ ಹೋದೆ. ಮಂಟಪ ಗಟ್ಟಿಯಾಗಿ ನಿಂತಿತ್ತು. ಅದರ ಪಕ್ಕದಲ್ಲೇ ಎರಡು ವರ್ಷದ ಹಿಂದೆ ಕಟ್ಟಿದ ಬಸ್ ತಂಗುದಾಣ ಇತ್ತು, ರಿಜಿಸ್ಟರ್ ಪ್ರಕಾರ ನಾಲ್ಕು ಲಕ್ಷದ್ದು. ಅದರ ಚಾವಣಿಯ ತಗಡು ಗಾಳಿಗೆ ಹಾರಿ ಬಾಳೆತೋಟ ಸೇರಿತ್ತು. ಹಿಂದಿನ ಗೋಡೆ ರಸ್ತೆ ಕಡೆ ವಾಲಿತ್ತು.

ನಾವು ನೋಡುತ್ತಿದ್ದ ಹಾಗೇ ಮಳೆ ಹೊಡೆಯಿತು. ಬಸ್ಸಿಗೆ ಕಾಯುತ್ತಿದ್ದವರು, ಪಿಡಿಒ, ನಾನು, ಎರಡು ಆಡು, ಎಲ್ಲರೂ ಮಂಟಪದೊಳಗೆ ಸೇರಿಕೊಂಡೆವು. ಒಬ್ಬ ಹಿರಿಯ ರೈತರು ನನ್ನ ಕೈಯಲ್ಲಿದ್ದ ರಿಜಿಸ್ಟರ್ ನೋಡಿ ಕೇಳಿದರು.

"ಏನ್ ಬರದೀರವ್ವ ಇದರಾಗ?"

"ಊರಿನ ಆಸ್ತಿ ಬೆಲೆ ರೀ ಅಜ್ಜ. ಈ ಮಂಟಪಕ್ಕ ಒಂದು ರೂಪಾಯಿ, ಆ ತಂಗುದಾಣಕ್ಕ ನಾಲ್ಕು ಲಕ್ಷ."

ಅವರು ಮೇಲಿನ ಕಲ್ಲಿನ ಚಾವಣಿ ನೋಡಿದರು. ಆಮೇಲೆ ಮಳೆಯಲ್ಲಿ ತೊಯ್ಯುತ್ತಿದ್ದ ತಂಗುದಾಣ ನೋಡಿದರು. ನಗಲಿಲ್ಲ. ಕೈಮುಗಿದು ಹೇಳಿದರು, "ಹಂಗಾರ ನಮ್ಮೂರಿಗೆ ಇನ್ನೊಂದು ಒಂದು ರೂಪಾಯಿದ್ದ ಮಂಜೂರು ಮಾಡಸ್ರಿ. ಲಕ್ಷದ್ದು ಬ್ಯಾಡ."

ಊಟದ ಆಕ್ಷೇಪಣೆ

ಇದು ಸಣ್ಣದು. ಒಂದು ಪಂಚಾಯ್ತಿಯ ವೋಚರ್ ಕಟ್ಟು ಬಿಚ್ಚಿದಾಗ ಹಿಂದಿನ ವರ್ಷದ ಒಂದು ಹೋಟೆಲ್ ಬಿಲ್ಲು ಸಿಕ್ಕಿತು. "ಆಡಿಟ್ ತಂಡಕ್ಕೆ ಊಟ, ನಾಲ್ಕು ದಿನ, ದಿನಕ್ಕೆ ಆರು ಮಂದಿ, ಬಿರಿಯಾನಿ" ಅಂತಿತ್ತು. ಹಿಂದಿನ ವರ್ಷ ಆ ಆಡಿಟ್ ತಂಡ ಅಂದರೆ ನಾನೊಬ್ಬಳೇ. ನಾಲ್ಕೂ ದಿನ ಅದೇ ಆಫೀಸಿನ ಮೂಲೆಯಲ್ಲಿ ಕೂತು ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದೆ. ಕುಡಿಯುವ ನೀರು ಕೂಡ ನನ್ನದೇ. ಬಿರಿಯಾನಿಯ ವಾಸನೆ ಪಕ್ಕದ ಕೋಣೆಯಿಂದ ಬರುತ್ತಿದ್ದದ್ದು ಮಾತ್ರ ನೆನಪಿದೆ.

ಸಿಟ್ಟು ಬಂತು. ಆದರೆ ವರದಿಯಲ್ಲಿ ಸಿಟ್ಟು ಬರೆಯುವ ಹಾಗಿಲ್ಲ. "ಆಡಿಟ್ ತಂಡಕ್ಕೆ ಊಟ ನೀಡದಿದ್ದರೂ ಖರ್ಚು ಹಾಕಲಾಗಿದೆ. ವಿವರಣೆ ನೀಡುವುದು" ಎಂದು ಆಕ್ಷೇಪಣೆ ಬರೆದು ಕಳಿಸಿದೆ.

ಹದಿನೈದು ದಿನದೊಳಗೆ ಉತ್ತರ ಬಂತು. ಅಷ್ಟು ಬೇಗ ಯಾವ ಪಂಚಾಯ್ತಿಯೂ ನನಗೆ ಉತ್ತರ ಕೊಟ್ಟಿಲ್ಲ. ಠಸ್ಸೆ ಹೊಡೆದು, ಸಹಿ ಹಾಕಿ, ಹೀಗೆ ಬರೆದಿದ್ದರು: "ಆಡಿಟ್ ತಂಡಕ್ಕೆ ಊಟ ನೀಡದೇ ಇರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಲೋಪಕ್ಕೆ ವಿಷಾದಿಸುತ್ತಾ, ಮುಂದಿನ ಸಾಲಿನಿಂದ ತಪ್ಪದೇ ಊಟ ನೀಡಲು ಕ್ರಮ ವಹಿಸಲಾಗುವುದು. ಆದ್ದರಿಂದ ಆಕ್ಷೇಪಣೆಯನ್ನು ಕೈಬಿಡಲು ಕೋರಿದೆ."

ಕಟ್ಟುವ ತನಕ ಹಲಗೆ

ಇದು ನಡೆದದ್ದು ಒಂದು ಪುರಸಭೆಯಲ್ಲಿ. ಊರು ಯಾವುದು ಅಂತ ಕೇಳಬೇಡಿ, ಅಲ್ಲಿಗೆ ನಾನು ಮತ್ತೆ ಹೋಗಬೇಕು.

ಮುಖ್ಯಾಧಿಕಾರಿ ಹೊಸಬರು, ಬಂದು ಒಂದು ತಿಂಗಳಾಗಿತ್ತು. ಸ್ವಂತ ಆದಾಯ ಹೆಚ್ಚಿಸಿಕೊಳ್ಳಿ ಅಂತ ಮೇಲಿನಿಂದ ಒತ್ತಡ ಇತ್ತು. ಅವರು ಆಸ್ತಿ ತೆರಿಗೆಯ ದೊಡ್ಡ ಬಾಕಿದಾರರ ಪಟ್ಟಿ ತೆಗೆಸಿದರು. ಬಾಕಿದಾರರ ಬಾಗಿಲ ಮುಂದೆ ಹಲಗೆ, ಅಂದರೆ ತಮಟೆ, ಬಾರಿಸಬೇಕು, ಹಣ ಕಟ್ಟುವ ತನಕ ಯಾವ ಕಾರಣಕ್ಕೂ ನಿಲ್ಲಿಸಬಾರದು ಅಂತ ಆದೇಶ ಹೊರಡಿಸಿದರು. ಪಟ್ಟಿಯಲ್ಲಿ ಹೆಸರಿನ ಬದಲು ಖಾತೆ ನಂಬರು, ವಿಳಾಸ ಅಷ್ಟೇ ಇತ್ತು. ಅದನ್ನೂ ಅವರು ಓದದೇ ಸಹಿ ಹಾಕಿದ್ದರು.

ಮರುದಿನ ನಾನು ಲೆಕ್ಕದ ಶಾಖೆಯಲ್ಲಿ ಕೂತಿದ್ದೆ. ಆಫೀಸಿನ ಬಾಗಿಲಲ್ಲೇ ಹಲಗೆ ಸದ್ದು ಶುರುವಾಯಿತು. ಮುಖ್ಯಾಧಿಕಾರಿ ತಮ್ಮ ಕೋಣೆಯಿಂದ ಬಂದರು. ಊರಿನ ಜನ ತಮಗೆ ಸ್ವಾಗತ ಮಾಡಲು ಬಂದಿದ್ದಾರೆ ಅಂದುಕೊಂಡಿರಬೇಕು, ತಲೆ ಬಾಚಿಕೊಂಡು, ಕೈಮುಗಿದುಕೊಂಡೇ ಹೊರಗೆ ಹೋದರು. ಎದುರಿಗೆ ಅವರದೇ ಬಿಲ್ ಕಲೆಕ್ಟರ್ ಪಟ್ಟಿ ಹಿಡಿದು ನಿಂತಿದ್ದರು.

"ಸಾಹೇಬ್ರ, ಬಾಕಿ ಕಟ್ಟಬೇಕ್ರಿ."

"ಯಾರ ಬಾಕಿ?"

"ಈ ಕಟ್ಟಡದ್ದು. ಪಟ್ಟಿಯೊಳಗ ಒಂದನೇ ನಂಬರ್ ಇದ ಐತ್ರಿ."

ಅದು ಮೊದಲು ಒಬ್ಬ ಅಕ್ಕಿ ವ್ಯಾಪಾರಿಯ ಕಟ್ಟಡ. ಪುರಸಭೆ ಅದನ್ನು ಕೊಂಡು, ಬಣ್ಣ ಹೊಡೆಸಿ, ಒಳಗೆ ಬಂದು ಕೂತಿತ್ತು. ಖಾತೆ ಮಾತ್ರ ಬದಲಾಗಿರಲಿಲ್ಲ. ವ್ಯಾಪಾರಿಯ ಹೆಸರಲ್ಲೇ ವರ್ಷ ವರ್ಷ ತೆರಿಗೆ, ತೆರಿಗೆಗೆ ದಂಡ ಬೆಳೆಯುತ್ತಾ ಬಂದಿತ್ತು.

"ಮೊದಲು ಅದನ್ನ ನಿಲ್ಲಸ್ರಿ," ಅಂದರು ಮುಖ್ಯಾಧಿಕಾರಿ.

"ಕಟ್ಟೋ ತನಕ ನಿಲ್ಲಿಸಬಾರದು ಅಂತ ನಿಮ್ಮ ಸಹಿ ಐತ್ರಿ," ಅಂದರು ಬಿಲ್ ಕಲೆಕ್ಟರ್.

ಹೊರಗೆ ಜನ ಸೇರತೊಡಗಿದರು. ಎದುರಿನ ಮಿರ್ಚಿ ಬಂಡಿಯವರ ವ್ಯಾಪಾರ ಜೋರಾಯಿತು. ಮುಖ್ಯಾಧಿಕಾರಿ ಒಳಗೆ ಬಂದು ನನ್ನ ಮುಂದೆ ಕೂತರು. ಬೆವತಿದ್ದರು. "ಇದಕ್ಕ ದಾರಿ ಏನ್ರಿ ಮೇಡಂ?" ಅಂದರು.

"ಖಾತೆ ಪುರಸಭೆ ಹೆಸರಿಗೆ ಬದಲಾಗಬೇಕು ಸರ್. ಅರ್ಜಿ ಹಾಕಬೇಕು."

"ಯಾರಿಗೆ?"

"ನಿಮಗ."

ಅವರು ಅಲ್ಲೇ ಒಂದು ಹಾಳೆ ತೆಗೆದು, ತಮಗೆ ತಾವೇ ಅರ್ಜಿ ಬರೆದು, ಕಂದಾಯ ಶಾಖೆಯ ಗುಮಾಸ್ತೆಯ ಮೇಜಿನ ಮೇಲಿಟ್ಟರು. "ಜಲ್ದಿ ಮಾಡಮ್ಮ" ಅಂದರು. ಆಕೆ ಕನ್ನಡಕ ಏರಿಸಿ ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ತಿರುಗಿಸಿ ಅವರ ಕಡೆಗೇ ಸರಿಸಿದರು.

"ಬಾಕಿ ಇರೋ ಆಸ್ತಿಗೆ ಖಾತೆ ಬದಲಾವಣೆ ಆಗಂಗಿಲ್ರೀ ಸರ್."

ಮೂರು ಗಟಾರ

ಇದರ ಕೊನೆಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೀ ನಗೆಯ ಮಾತಾಗುತ್ತದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ಊರಿನ ಓಣಿಗಳಿಗೆ ನಿಜವಾದ ಗಟಾರ ಬಂದವು. ತಂದವರು ಒಬ್ಬ ಪಂಚಾಯ್ತಿ ಸದಸ್ಯೆ.

ಸಂಡೂರು ಕಡೆಯ ಊರು ಅದು. ಅದಿರಿನ ಲಾರಿಗಳ ದೂಳಿಗೆ ನನ್ನ ಬಿಳಿ ಸೀರೆ ಆಫೀಸು ಮುಟ್ಟುವಷ್ಟರಲ್ಲಿ ಕೆಂಪಾಗಿತ್ತು. ಕೂಲಿ ಕೆಲಸ ಮಾಡಿಕೊಂಡು, ಅದೇ ಮೊದಲ ಸಲ ಗೆದ್ದಿದ್ದ ಆ ಸದಸ್ಯೆ ನನ್ನ ಮೇಜಿನ ಹತ್ತಿರ ಬಂದು ನಿಂತರು. ಪಂಚಾಯ್ತಿ ಪುಸ್ತಕವನ್ನು ಮಗಳ ಕೈಯಲ್ಲಿ ಓದಿಸಿ, ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು.

"ಮೇಡಂ, ಪುಸ್ತಕದಾಗ ನಮ್ಮ ವಾರ್ಡಿಗೆ ಮೂರು ಗಟಾರ ಅದಾವಂತ. ನಾನು ಅಲ್ಲೇ ಹುಟ್ಟಿ ಅಲ್ಲೇ ಲಗ್ನ ಆದಾಕಿ. ಒಂದ ನೋಡೀನಿ. ಮಳಿ ಬಂದ್ರ ಹಿಂದಿನ ಎರಡು ಓಣ್ಯಾಗ ನೀರು ಒಳಗ ಬರ್ತದ. ಹುಡುಗರಿಗೆ ಜ್ವರ ಬಿಡಂಗಿಲ್ಲ."

ಉಳಿದ ಸದಸ್ಯರು ಕೇಳಿಸದವರ ಹಾಗೆ ಚಹಾ ಕುಡಿಯುತ್ತಿದ್ದರು. ನಾನು ಕಾಗದ ತೆಗೆಸಿದೆ. ಮೂರು ಯೋಜನೆ, ಮೂರು ಅಂದಾಜು ಪಟ್ಟಿ, ಮೂರು ಬಿಲ್ಲು, ಗುತ್ತಿಗೆದಾರರು ಒಬ್ಬರೇ. ಸ್ಥಳ ನೋಡೋಣ ಅಂದೆ. ಇಂಜಿನಿಯರು ಕೂಡಲೇ ಒಪ್ಪಿದರು. ಗುತ್ತಿಗೆದಾರರು ತಮ್ಮ ಹೊಸ ಜೀಪನ್ನೇ ತಂದರು, ಸೀಟಿನ ಪ್ಲಾಸ್ಟಿಕ್ ಕವರು ಕೂಡ ಇನ್ನೂ ತೆಗೆದಿರಲಿಲ್ಲ. ಸದಸ್ಯೆಗೆ ಮಾತ್ರ ಅದರಲ್ಲಿ ಜಾಗ ಇಲ್ಲ ಅಂದರು. "ನಾ ನಡಕೋತ ಬರ್ತೀನಿ, ನಡೀರಿ" ಅಂದರು ಅವರು.

ಮೊದಲನೇ ಗಟಾರ ನೋಡಿದೆವು. ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ಒಂದು ಎಮ್ಮೆ ಕಟ್ಟಿದ್ದರು. ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಟೇಪು ಹಿಡಿದು ಅಳೆದು ಬರೆದುಕೊಂಡೆ. ಜೀಪು ಹತ್ತಿ ಊರ ಹೊರಗೆ ಹೋಗಿ, ಶಾಲೆ ದಾಟಿ, ಇನ್ನೊಂದು ರಸ್ತೆಯಿಂದ ಒಳಗೆ ಬಂದೆವು.

ಎರಡನೇ ಗಟಾರ. ಅಳತೆ ಒಂದು ಅಂಗುಲವೂ ಹೆಚ್ಚು ಕಡಿಮೆ ಇರಲಿಲ್ಲ.

"ಅಷ್ಟ ಬರ್ತೈತಲ್ರೀ," ಅಂದೆ.

"ಒಂದೇ ಎಸ್ಟಿಮೇಟು ಮೇಡಂ, ಅದಕ್ಕ ಒಂದೇ ಅಳತಿ," ಅಂದರು ಇಂಜಿನಿಯರು.

"ಆ ಎಮ್ಮಿ ಮೊದಲ ನೋಡಿದ್ವಲ್ಲ?"

"ಅದು ಎಡಕ್ಕಿತ್ರಿ. ಇದು ಬಲಕ್ಕೈತಿ ನೋಡ್ರಿ. ಇಲ್ಲಿ ಎಮ್ಮಿ ಎಲ್ಲಾ ಒಂದೇ ನಮೂನಿ ಇರ್ತಾವ."

ಅನುಮಾನ ಬಂದಿತ್ತು. ಆದರೆ ಊರು ಹೊಸದು, ಓಣಿಗಳೆಲ್ಲ ಒಂದೇ ಥರ, ಮೇಲೆ ಸುಡುವ ಬಿಸಿಲು. ಮತ್ತೆ ಜೀಪು ಹತ್ತಿದೆವು. ಈ ಸಲ ಇನ್ನೂ ದೊಡ್ಡ ಸುತ್ತು, ಕೆರೆ ಏರಿಯ ಮೇಲೆ ಹಾದು ಇನ್ನೊಂದು ಕಡೆಯಿಂದ ಇಳಿಸಿದರು. ಮೂರನೇ ಗಟಾರದ ಹತ್ತಿರ ನಾನು ಟೇಪು ಬಿಚ್ಚುವಾಗ ಸದಸ್ಯೆ ಆಗಲೇ ಬಂದು ನಿಂತಿದ್ದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಅವರು ಏನೂ ಹೇಳಬೇಕಾಗಲಿಲ್ಲ. ಕಟ್ಟೆಯ ಮೇಲಿನ ಅಜ್ಜಿ ಮೊರ ಆಡಿಸುವುದನ್ನು ನಿಲ್ಲಿಸಿ ನನ್ನನ್ನು ಕರೆದರು.

"ಏನವ್ವ ತಂಗಿ, ಮುಂಜಾನಿಂದ ಮೂರು ಸಲ ಬಂದು ಇದ ಗಟಾರ ನೋಡಾಕ ಹತ್ತೀರಿ. ಏನಾರ ಕಳಕೊಂಡೀರೇನು?"

ಇಂಜಿನಿಯರು ಆಕಾಶ ನೋಡತೊಡಗಿದರು. ನಾನು ಟೇಪು ಸುತ್ತಿದೆ.

"ಹೌದವ್ವ. ಎರಡು ಗಟಾರ ಕಳದಾವ."

ಅಜ್ಜಿ ಮೊರ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಬಂದು, ಗಟಾರದೊಳಗೆ ಆ ತುದಿಯಿಂದ ಈ ತುದಿಯ ತನಕ ಬಗ್ಗಿ ನೋಡಿದರು. ಸಿಗಲಿಲ್ಲ ಅನ್ನುವ ಹಾಗೆ ತಲೆ ಆಡಿಸಿ ಹೇಳಿದರು.

"ಇದರಾಗ ಇಲ್ಲವ್ವ. ಆ ಹೊಸ ಜೀಪಿನಾಗ ನೋಡ್ರಿ."