ನಮ್ಮ ತವರಿನಲ್ಲಿ ಕೋವಿ ಇತ್ತು

ಮೊದಲೇ ಹೇಳಿಬಿಡುತ್ತೇನೆ, ಬಂದೂಕು ಬೇಕೆಂದು ಹಟ ಹಿಡಿದವಳು ನಾನೇ. ಇದರಲ್ಲಿ ನಮ್ಮ ಯಜಮಾನರ ತಪ್ಪು ಏನೂ ಇಲ್ಲ. (ಮದುವೆಯಾದ ಇಷ್ಟು ವರ್ಷಗಳಲ್ಲಿ ಈ ವಾಕ್ಯ ನನ್ನಿಂದ ಬಂದದ್ದು ಇದೇ ಮೊದಲು. ದಯವಿಟ್ಟು ಅವರಿಗೆ ತೋರಿಸಬೇಡಿ.)

ಎಲ್ಲಾ ಶುರುವಾದದ್ದು ಎದುರು ಮನೆಯ ವಿಮಲಮ್ಮನವರ ಕುಕ್ಕರಿನಿಂದ. ಅದು ಎಪ್ಪತ್ತೇಳನೇ ಇಸವಿ. ಆಗಿನ ವಿಜಯನಗರ ಅಂದರೆ ಮಾರೇನಹಳ್ಳಿ ದಾಟಿದ ಮೇಲೆ ನಮ್ಮ ರಸ್ತೆಯಲ್ಲಿ ಐದು ಮನೆ, ಹದಿನೈದು ಖಾಲಿ ಸೈಟು, ಆ ಸೈಟುಗಳಲ್ಲಿ ಹಾಲಿನ ಮರಿಯಪ್ಪನ ಎಮ್ಮೆಗಳು. ವಿಮಲಮ್ಮ ಮಟಮಟ ಮಧ್ಯಾಹ್ನ ಯಾವುದೋ ನಾಮಕರಣಕ್ಕೆ ಹೋಗಿ ಬರುವಷ್ಟರಲ್ಲಿ ಕಳ್ಳರು ತಾಮ್ರದ ಹಂಡೆ, ಟ್ರಾನ್ಸಿಸ್ಟರು, ಕೊನೆಗೆ ಒಲೆಯ ಮೇಲಿದ್ದ ಕುಕ್ಕರನ್ನೂ ಒಳಗಿನ ಬೇಳೆಯ ಸಮೇತ ಹೊತ್ತುಕೊಂಡು ಹೋಗಿದ್ದರು. ಹಂಡೆಗೂ ಟ್ರಾನ್ಸಿಸ್ಟರಿಗೂ ವಿಮಲಮ್ಮ ಅಳಲಿಲ್ಲ. "ಬೇಳೆ ಹದವಾಗಿ ಬೆಂದಿತ್ತು ಕಣ್ರೀ, ಒಗ್ಗರಣೆ ಒಂದೇ ಬಾಕಿ ಇತ್ತು" ಎಂದು ಅತ್ತರು.

ನಮ್ಮ ಯಜಮಾನರಾದ ಸೋಮಲಿಂಗಪ್ಪನವರು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕು. ನಿಯಮಾವಳಿ ಓದದೆ ನೀರು ಕುಡಿಯುವ ಪೈಕಿ ಅಲ್ಲ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಅಚ್ಚಾದದ್ದನ್ನೂ ಓದಿ, ಮಡಿಸಿ, ಜೇಬಿಗೆ ಹಾಕಿಕೊಳ್ಳುವವರು. ಆವತ್ತು ಸಂಜೆ ಕಾಫಿ ಕುಡಿಯುತ್ತಾ ಅವರು ಒಂದು ದೊಡ್ಡ ಬೀಗ ತರೋಣ ಎಂದರು.

"ವಿಮಲಮ್ಮನ ಮನೇಗೂ ಬೀಗ ಇತ್ತಲ್ಲ. ಬೀಗಾನೂ ಹೊತ್ಕೊಂಡು ಹೋಗಿದಾರೆ."

"ಹಾಗಾದ್ರೆ ಒಂದು ನಾಯಿ?"

"ಅದಕ್ಕೆ ಅನ್ನ ಕಲಸಿ ಹಾಕೋರು ಯಾರು? ನಾನೇ ತಾನೆ? ಬಂದೂಕು ತಗೊಳ್ಳೋಣ. ಅದು ಅನ್ನ ಕೇಳಲ್ಲ."

ಯಜಮಾನರ ಕಾಫಿ ಅರ್ಧ ಪಂಚೆಯ ಮೇಲೆ ಬಿತ್ತು. "ಬಂದೂಕಾ! ನಮಗೆ ಅದನ್ನ ಹಿಡ್ಕೊಳ್ಳೋಕಾದ್ರೂ ಬರುತ್ತೇನೇ?"

"ನಿಮಗೆ ಬರಲ್ಲ ಅನ್ನಿ. ನಮ್ಮ ತವರಿನಲ್ಲಿ ಕೋವಿ ಇತ್ತು" ಎಂದೆ.

ಇದು ಸುಳ್ಳಲ್ಲ. ಚಳ್ಳಕೆರೆ ಕಡೆಯ ನಮ್ಮ ಅಜ್ಜ ಕರಿಬಸಪ್ಪನವರ ಪಡಸಾಲೆಯ ಗೋಡೆಯಲ್ಲಿ ಒಂದು ಕೋವಿ ತೂಗುತ್ತಿತ್ತು. (ಅದು ಸಿಡಿದದ್ದನ್ನು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅಜ್ಜ ಅದರ ಮೇಲೆ ಒದ್ದೆ ರುಮಾಲು ಒಣಹಾಕುತ್ತಿದ್ದರು. ಆದರೂ ಕೋವಿ ಕೋವಿಯೇ.) ಗಂಡನ ಮನೆಯಲ್ಲಿ ನನ್ನ ಮಾತಿಗೆ ತೂಕ ಕಡಿಮೆಯಾಯಿತು ಅನ್ನಿಸಿದಾಗಲೆಲ್ಲ ನಾನು ಈ ಕೋವಿಯನ್ನು ಗೋಡೆಯಿಂದ ಇಳಿಸುತ್ತಿದ್ದೆ. ಯಜಮಾನರು "ಹ್ಞೂಂ" ಎಂದು ಸುಮ್ಮನಾಗುತ್ತಿದ್ದರು.

ಲೈಸನ್ಸಿನ ಅರ್ಜಿ ನನ್ನ ಹೆಸರಿನಲ್ಲೇ ಹೋಯಿತು. ಸರ್ಕಾರಿ ನೌಕರನಾದ ತಾನು ಇಲಾಖೆಯ ಅನುಮತಿ ಕೇಳಿದರೆ ಅದು ರಿಟೈರಾದ ಮೇಲೆ ಕೈಸೇರುತ್ತದೆ ಎಂದು ಯಜಮಾನರು ಜಾರಿಕೊಂಡರು. ತಿಂಗಳುಗಳು ಉರುಳಿದ ಮೇಲೆ ಠಾಣೆಯಿಂದ ಕಾನ್‌ಸ್ಟೇಬಲ್ ಬೆಟ್ಟಯ್ಯ ನನ್ನ ಗುಣನಡತೆಯ ವಿಚಾರಣೆಗೆ ಬಂದ. ನನ್ನ ಮನೆಯ ಕಾಫಿ ಕುಡಿದು, ಎದುರು ಮನೆಗೆ ಹೋಗಿ, ಇಡೀ ರಸ್ತೆಗೆ ಕೇಳುವ ಹಾಗೆ ವಿಮಲಮ್ಮನನ್ನು ಕೇಳಿದ. "ಈ ಬಸವರಾಜೇಶ್ವರಿ ಅನ್ನೋರಿಗೆ ಕೋಪ ಜಾಸ್ತಿನಾಮ್ಮ?"

"ಕೋಪ ಇದೆ. ಆದ್ರೆ ಮನೆಯವರ ಮೇಲೆ ಮಾತ್ರ" ಎಂದರು ವಿಮಲಮ್ಮ. ಬೆಟ್ಟಯ್ಯ "ನಡತೆ ಉತ್ತಮ" ಎಂದು ಬರೆದುಕೊಂಡು ಹೋದ.

ಲೈಸನ್ಸ್ ಬಂದ ವಾರವೇ, ರೇಷ್ಮೆ ಸೀರೆ ಉಟ್ಟು, ಯಜಮಾನರನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಕಂಟೋನ್ಮೆಂಟ್ ಕಡೆಯ ಬಂದೂಕಿನಂಗಡಿಗೆ ಹೋದೆ. ಅಂಗಡಿಯ ಮಾಲೀಕರು ಪುರುಷೋತ್ತಮ ಎಂಬ ವಯಸ್ಸಾದ ಸಂಭಾವಿತರು. ಅವರು ನೇರವಾಗಿ ನಮ್ಮ ಯಜಮಾನರನ್ನೇ ಕೇಳಿದರು. "ಏನು ಸಾರ್, ಶಿಕಾರಿಗೋ, ಬೆಳೆ ಕಾಯೋಕೋ?"

"ಮನೆ ಕಾಯೋಕೆ" ಎಂದೆ ನಾನು. "ಅವರನ್ನ ಕೇಳಬೇಡಿ, ನನ್ನನ್ನ ಕೇಳಿ. ಒಂದು ನಾಲ್ಕೈದು ನಮೂನೆ ತೆಗೀರಿ, ನೋಡೋಣ."

ಮೊದಲು ಒಂದು ರಿವಾಲ್ವರು ಬಂತು.

"ಇದಕ್ಕಿಂತ ನಮ್ಮನೆ ಇಕ್ಕಳ ದೊಡ್ಡದಿದೆ. ಇದನ್ನ ತೋರಿಸಿದ್ರೆ ಕಳ್ಳ ಏನದು ಅಂತ ನೋಡೋಕೆ ಇನ್ನೂ ಹತ್ತಿರ ಬರ್ತಾನೆ. ಬೇರೆ ತೋರಿಸಿ."

ರೈಫಲ್ ಬಂತು. "ಇದು ಮೈಲಿ ದೂರ ಹೊಡೆಯುತ್ತಮ್ಮ" ಎಂದರು ಪುರುಷೋತ್ತಮ.

"ನಮ್ಮದು ಮೂವತ್ತು ನಲವತ್ತರ ಸೈಟು. ಮೈಲಿ ದೂರ ಇರೋನು ನಾಗರಭಾವಿಯವರ ಕಳ್ಳ. ಅವನನ್ನ ಅವರು ನೋಡ್ಕೋತಾರೆ."

ಒಂಟಿ ನಳಿಗೆಯ ಬಂದೂಕು ಬಂತು. ನಾನು ಮುಟ್ಟಲೂ ಇಲ್ಲ. ಮುತ್ತೈದೆ ಇರುವ ಮನೆಗೆ ಒಂಟಿಯದನ್ನು ಯಾರಾದರೂ ಒಯ್ಯುತ್ತಾರೆಯೇ? ಜೋಡಿ ನಳಿಗೆಯದನ್ನು ತೆಗೆಯಿರಿ ಎಂದೆ. ತೆಗೆದರು. ಭಾರವಾಯಿತು, ಇದೇ ಥರದ್ದು ಸ್ವಲ್ಪ ಹಗುರ ಇದೆಯಾ ಎಂದೆ. ಅದರಲ್ಲಿ ಮರದ ಹಿಡಿ ಕಪ್ಪಗಿತ್ತು, ಕಾಫಿ ಬಣ್ಣದ್ದು ಕೇಳಿದೆ. ಮುಕ್ಕಾಲು ಗಂಟೆಯಲ್ಲಿ ಮೇಜಿನ ಮೇಲೆ ಹದಿನಾಲ್ಕು ಬಂದೂಕು ಹರಡಿಕೊಂಡಿದ್ದವು. ಪುರುಷೋತ್ತಮ ಅವರ ಹಣೆಯಲ್ಲಿ ಬೆವರು ಕಾಣಿಸಿತು. ಯಜಮಾನರು ಗೋಡೆಯ ಮೇಲಿದ್ದ "ಧೂಮಪಾನ ನಿಷೇಧ" ಫಲಕವನ್ನು ಮೂರನೇ ಸಲ ಓದುತ್ತಿದ್ದರು.

ಕೊನೆಗೆ ಒಂದು ಜೋಡಿ ನಳಿಗೆ ನನ್ನ ಮನಸ್ಸಿಗೆ ಬಂತು. ಆದರೆ ಅಂಗಡಿಯೊಳಗಿನ ಟ್ಯೂಬ್‌ಲೈಟನ್ನು ನಂಬಲಾಗುತ್ತದೆಯೇ? ಮೈಸೂರು ಸಿಲ್ಕನ್ನೇ ಬಿಸಿಲಿಗೆ ಹಿಡಿಯದೆ ನಾನು ಕೊಂಡವಳಲ್ಲ. ಬಂದೂಕನ್ನೆತ್ತಿಕೊಂಡು ಫುಟ್‌ಪಾತಿಗೆ ಬಂದು, ಬೆಳಕಿನಲ್ಲಿ ಅತ್ತ ಇತ್ತ ತಿರುಗಿಸಿ ನೋಡಿದೆ.

"ಅಮ್ಮಾ! ಒಳಗೆ ಬನ್ನಿ! ದಮ್ಮಯ್ಯ ಅಂತೀನಿ, ಒಳಗೆ ಬನ್ನಿ!" ಎಂದು ಪುರುಷೋತ್ತಮ ಕೂಗುವಷ್ಟರಲ್ಲಿ ಕಡಲೆಕಾಯಿ ಮಾರುವವನು ಗಾಡಿ ಬಿಟ್ಟು ಓಡಿದ್ದ. ಎದುರಿಗಿದ್ದ ಆಟೋದವನು ಎರಡೂ ಕೈ ಮೇಲೆತ್ತಿ, "ಎಲ್ಲಿಗೆ ತಾಯಿ? ಬರ್ತೀನಿ. ಮೀಟರ್ ಮೇಲೆ ಒಂದು ಪೈಸ ಬೇಡ" ಎಂದ. ಅಂಥ ಮಾತನ್ನು ಬೆಂಗಳೂರಿನ ಆಟೋದವನ ಬಾಯಲ್ಲಿ ನಾನು ಕೇಳಿದ್ದು ಆವತ್ತೊಂದೇ ದಿನ.

ಬಣ್ಣ ಚೆನ್ನಾಗಿತ್ತು. ಅದನ್ನೇ ಕೊಂಡೆವು. ಎರಡು ತೋಟಾ ಕೊಸರು ಹಾಕಿ ಎಂದು ಕೇಳಿದೆ. ಪುರುಷೋತ್ತಮ ಕೈಮುಗಿದರು.

ಅಲ್ಲಿಂದ ನೇರ ನಮ್ಮ ಠಾಣೆಗೆ ಹೋಗಿ ಬಂದೂಕಿನ ನಂಬರು ಬರೆಸಿದೆವು. ಇನ್‌ಸ್ಪೆಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು. "ನೋಡೀಮ್ಮ, ಇದೇನಾದ್ರೂ ಕಳೆದುಹೋದ್ರೆ ಮೊದಲು ಒಳಗೆ ಹಾಕೋದು ನಿಮ್ಮನ್ನೇ. ಲೈಸನ್ಸ್ ಇಲ್ಲದೋರ ಕೈಗೆ ಕೊಡಕೂಡದು, ನಿಮ್ಮ ಮನೆಯವರಿಗೂ ಸೇರಿ. ಬೆಂಗಳೂರು ದಾಟಿಸಕೂಡದು. ಮಿಕ್ಕಿದ್ದೆಲ್ಲಾ ಪುಸ್ತಕದಲ್ಲಿದೆ, ಓದ್ಕೊಳ್ಳಿ."

ಓದಿಕೊಳ್ಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ಯಜಮಾನರ ಮುಖ ಅರಳಿತು. ಮನೆಗೆ ಬಂದವರೇ ಕನ್ನಡಕ ಏರಿಸಿ, ಲೈಸನ್ಸ್ ಪುಸ್ತಕದ ಇಂಗ್ಲಿಷಿನ ಸಣ್ಣಕ್ಷರಗಳನ್ನು ನನಗೆ ಕನ್ನಡ ಮಾಡಿ ಹೇಳತೊಡಗಿದರು. ಒಂದನೇ ಕಲಮು, ಎರಡನೇ ಕಲಮು... ಎಂಟನೇ ಕಲಮಿಗೆ ನನ್ನ ತಾಳ್ಮೆ ಮುಗಿಯಿತು.

"ಸಾಕು ಮಾಡ್ರೀ. ಬಂದೂಕಿನ ವಿಷಯ ನನಗೆ ಹೇಳಿಕೊಡೋಕೆ ಬರಬೇಡಿ. ನಮ್ಮ ತವರಿನಲ್ಲಿ ಕೋವಿ ಇತ್ತು."

"ಹ್ಞೂಂ" ಎಂದು ಅವರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಎದ್ದು ಹೋದರು.

ಆಯುಧ ಪೂಜೆ ಹದಿನೈದು ದಿನದಲ್ಲೇ ಬಂತು. ಅದುವರೆಗೆ ನಮ್ಮ ಮನೆಯ ಆಯುಧಗಳೆಂದರೆ ಈಳಿಗೆಮಣೆ, ತೆಂಗಿನಕಾಯಿ ತುರಿಯುವ ಮಣೆ, ಯಜಮಾನರ ಸೈಕಲ್ಲು. ಈ ಸಲ ಮಣೆಯ ಮೇಲೆ ಬಂದೂಕನ್ನು ಮಲಗಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಎರಡು ನಳಿಗೆಗೂ ಒಂದೊಂದು ಸೇವಂತಿಗೆ ಸಿಕ್ಕಿಸಿ, ರಸ್ತೆಯ ಹೆಂಗಸರನ್ನೆಲ್ಲ ಕುಂಕುಮಕ್ಕೆ ಕರೆದೆ. ಮರುದಿನದಿಂದ ನಮ್ಮದು "ಬಂದೂಕಿನ ಮನೆ" ಆಯಿತು. ಪೋಸ್ಟ್‌ಮ್ಯಾನ್ ಗೇಟಿನ ಹೊರಗೇ ನಿಂತು ಕಾಗದ ಓದಿ ಹೇಳತೊಡಗಿದ. ಮರಿಯಪ್ಪ ಹಾಲಿಗೆ ನೀರು ಹಾಕುವುದನ್ನು ಬಿಟ್ಟ. ಬಂದೂಕಿನಿಂದ ನಮಗಾದ ಲಾಭ ಅದೊಂದೇ. ಆ ಕೆನೆಯನ್ನು ಈಗ ನೆನೆದರೂ ಬಾಯಲ್ಲಿ ನೀರೂರುತ್ತದೆ.

ನಷ್ಟ ಬಂದದ್ದು ಬೇರೆ ರೂಪದಲ್ಲಿ. ವಿಮಲಮ್ಮ ತಿರುಪತಿಗೆ ಹೊರಟಾಗ ತಮ್ಮ ಹೊಸ ಕುಕ್ಕರನ್ನೂ ಬೆಳ್ಳಿ ದೀಪಗಳನ್ನೂ ತಂದು, "ನಿಮ್ಮನೇಲೇ ಇರಲಿ ಕಣ್ರೀ, ಬಂದೂಕಿದೆಯಲ್ಲ" ಎಂದು ಇಟ್ಟುಹೋದರು. ಬಂದ ಮೇಲೂ ತೆಗೆದುಕೊಂಡು ಹೋಗಲಿಲ್ಲ. ಅವರನ್ನು ನೋಡಿ ಮಿಕ್ಕವರೂ ತಂದಿಟ್ಟರು. ಕಳ್ಳನಿಗೆ ಐದು ಮನೆ ಸುತ್ತುವ ತೊಂದರೆ ತಪ್ಪಿಸಿ ಎಲ್ಲವನ್ನೂ ಒಂದೇ ಕಡೆ ಜೋಡಿಸಿಟ್ಟ ಹಾಗಾಯಿತು. ಅಷ್ಟರ ಮೇಲೆ, ಕಳ್ಳ ಬಂದು ಬಂದೂಕನ್ನೇ ಕದ್ದರೆ ಗತಿಯೇನು ಎಂಬ ಯೋಚನೆ ನನಗೆ ಹೊಳೆಯಿತು. ಹೊಳೆದ ದಿನದಿಂದ ನಾನು ತರಕಾರಿಗೂ ಹೊರಗೆ ಹೋಗಲಿಲ್ಲ.

ಆಗ ಬಂತು ನನ್ನ ತಂಗಿ ಪಂಕಜಾಳ ಲಗ್ನಪತ್ರಿಕೆ.

ಪಂಕಜಾ ನನಗಿಂತ ಹದಿನಾರು ವರ್ಷಕ್ಕೆ ಚಿಕ್ಕವಳು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಗಂಡು ಹುಡುಕಿ ಮಾತು ಮುಗಿಸಿದವಳೂ ನಾನು. ಮದುವೆ ಚಳ್ಳಕೆರೆಯಲ್ಲಿ, ಡಿಸೆಂಬರ್ ಮೊದಲ ವಾರದಲ್ಲಿ. ಪತ್ರಿಕೆಯ ಅಂಚಿನಲ್ಲಿ ಅವಳು ತನ್ನ ಕೈಯಿಂದಲೇ ಬರೆದಿದ್ದಳು: "ಅಕ್ಕಾ, ನೀನು ಎಂಟು ದಿನ ಮುಂಚೆ ಬರದಿದ್ದರೆ ನಾನು ಅರಿಶಿನ ಹಚ್ಚಿಸಿಕೊಳ್ಳುವುದಿಲ್ಲ."

ಪತ್ರಿಕೆ ಓದಿ ಕಣ್ಣೆತ್ತಿದೆ. ಗೋಡೆಯ ಮೇಲೆ ಬಂದೂಕು ತೂಗುತ್ತಿತ್ತು.

ಬಿಟ್ಟುಹೋದರೆ ಕಳ್ಳ ಒಯ್ಯುತ್ತಾನೆ, ನಾನು ಜೈಲಿಗೆ. ಜೊತೆಗೆ ಒಯ್ದರೆ ತುಮಕೂರು ರಸ್ತೆಯಲ್ಲೇ ಹಿಡಿಯುತ್ತಾರೆ, ಆಗಲೂ ಜೈಲಿಗೆ. ಹೊರಡುವ ದಿನ ಹತ್ತಿರವಾಗುತ್ತಾ ನಾನು ಅನ್ನ ಬಿಟ್ಟೆ.

"ನೀನು ಹೋಗು ಕಣೇ. ನಾನು ಇಲ್ಲೇ ಇರ್ತೀನಿ" ಎಂದರು ಯಜಮಾನರು.

"ನಿಮ್ಮ ಕೈಗೆ ಕೊಡಕೂಡದು ಅಂತ ಇನ್‌ಸ್ಪೆಕ್ಟರು ಹೇಳಿಲ್ವಾ? ಯಾರಾದ್ರೂ ಮೂಗರ್ಜಿ ಬರೆದು ಹಾಕಿದ್ರೆ ನಿಮ್ಮ ಕೆಲಸಾನೂ ಹೋಗುತ್ತೆ."

ಅವರು ಕನ್ನಡಕ ಹುಡುಕಿಕೊಂಡರು. "ಆ ಲೈಸನ್ಸ್ ಪುಸ್ತಕ ಸ್ವಲ್ಪ ಕೊಡು. ಅದರಲ್ಲಿ ಒಂಬತ್ತನೇ ಕಲಮು..."

"ಒಡಹುಟ್ಟಿದವಳ ಮದುವೆ ತಪ್ಪಿಹೋಗ್ತಿದೆ ಅಂತ ನಾನು ಸಾಯ್ತಾ ಇದೀನಿ, ನಿಮಗೆ ಕಲಮು! ಬಂದೂಕನ್ನ ಹ್ಯಾಗೆ ಕಾಯಬೇಕು ಅಂತ ನನಗೆ ಗೊತ್ತಿದೆ. ಮಕ್ಕಳ ಬಟ್ಟೆ ಟ್ರಂಕಿಗೆ ಹಾಕಿ, ಬಸ್ಸಿಗೆ ಹೊತ್ತಾಗುತ್ತೆ."

"ಹ್ಞೂಂ" ಎಂದರು. ಟ್ರಂಕು ಕಟ್ಟಿದರು. ಇಬ್ಬರು ಮಕ್ಕಳನ್ನು ಕರೆದುಕೊಂಡು, ನಾನು ಮದುಮಗಳಿಗೆಂದು ಆರಿಸಿದ್ದ ಸೀರೆಯನ್ನು ಹಿಡಿದುಕೊಂಡು ಅವರು ನನ್ನ ತವರಿಗೆ ಹೋದರು. ನಾನು ಮನೆಯಲ್ಲಿ ಉಳಿದೆ.

ಒಂಬತ್ತು ದಿನ. ಅಡುಗೆಮನೆಗೆ ಹೋದರೆ ಬಂದೂಕು ಅಡುಗೆಮನೆಗೆ, ಹಿತ್ತಲಿಗೆ ಹೋದರೆ ಹಿತ್ತಲಿಗೆ. ಸ್ನಾನಕ್ಕೆ ಹೋದರೆ ಬಚ್ಚಲಮನೆಯ ಬಾಗಿಲಿಗೆ ಒರಗಿಸಿ, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ನೀರು ಹೊಯ್ದುಕೊಂಡೆ. ಮನೆ ಕಾಯಲು ಬಂದೂಕು ತಂದೆವೋ, ಬಂದೂಕು ಕಾಯಲು ಮನೆ ಕಟ್ಟಿದೆವೋ ತಿಳಿಯದಾಯಿತು. ಕಳ್ಳನಾದರೂ ಬಂದನೇ? ಅವನೂ ಬರಲಿಲ್ಲ. ಬಂದಿದ್ದರೆ ಕೂರಿಸಿ ಕಾಫಿ ಕೊಟ್ಟು ನಾಲ್ಕು ಮಾತಾಡುತ್ತಿದ್ದೆ.

ಮುಹೂರ್ತ ಬೆಳಗ್ಗೆ ಹತ್ತೂಕಾಲಿಗೆ ಇತ್ತು. ಆ ಹೊತ್ತಿಗೆ ತಲೆಗೆ ಹೂ ಮುಡಿದು, ದೀಪ ಹಚ್ಚಿ, ಅಕ್ಷತೆ ಹಿಡಿದು ನಿಂತೆ. ಹಾಕುವುದು ಯಾರ ಮೇಲೆ? ಎದುರಿಗಿದ್ದದ್ದು ಅದೊಂದೇ. ಬಂದೂಕಿನ ಮೇಲೆ ಅಕ್ಷತೆ ಹಾಕಿದೆ. ಆಮೇಲೆ ನೆಲದ ಮೇಲೆ ಕೂತು ಚೆನ್ನಾಗಿ ಅತ್ತೆ. ಅದರಲ್ಲಿ ತಮಾಷೆ ಏನೂ ಇರಲಿಲ್ಲ.

ಯಜಮಾನರು ಹೋಳಿಗೆಯ ಡಬ್ಬ, ಮದುವೆಯ ಸುದ್ದಿ ಎರಡನ್ನೂ ತಂದರು. ಪಂಕಜಾ ಅರಿಶಿನದ ಹೊತ್ತಿಗೆ ಅತ್ತಳಂತೆ. ಅಕ್ಕ ಯಾಕೆ ಬರಲಿಲ್ಲ ಎಂದು ಬೀಗರು ಕೇಳಿದಾಗ ನಮ್ಮ ಚಿಕ್ಕ ಮಗಳು, "ಅಮ್ಮ ಬಂದೂಕು ಹಿಡ್ಕೊಂಡು ಮನೇಲಿ ಕೂತಿದಾಳೆ" ಎಂದುಬಿಟ್ಟಳಂತೆ. ಅಲ್ಲಿಂದಾಚೆಗೆ ಬೀಗರು ವರೋಪಚಾರದಲ್ಲಿ ಒಂದು ಕೊರತೆಯನ್ನೂ ಎತ್ತಲಿಲ್ಲವಂತೆ. ಅಷ್ಟರಮಟ್ಟಿಗೆ ತಂಗಿಯ ಮದುವೆಗೆ ನಾನು ಒದಗಿದೆ ಎಂದು ಸಮಾಧಾನ ಮಾಡಿಕೊಂಡು ಹೋಳಿಗೆ ತಿಂದೆ.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸಂಕ್ರಾಂತಿ ಹೊತ್ತಿಗೆ ಬೆಟ್ಟಯ್ಯ ಮತ್ತೆ ಬಂದ. ಅಸೆಂಬ್ಲಿ ಚುನಾವಣೆ ಬರುತ್ತಿತ್ತು. ಲೈಸನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕೆಂದು ಹುಕುಂ ಆಗಿತ್ತು. ಯಜಮಾನರೂ ನಾನೂ ಹೋದೆವು. ಬೆಟ್ಟಯ್ಯ ಬಂದೂಕಿಗೆ ಒಂದು ಚೀಟಿ ಕಟ್ಟಿ ಬೀರುವಿನಲ್ಲಿಟ್ಟು, ನನಗೆ ರಸೀತಿ ಬರೆದುಕೊಟ್ಟ.

"ಇಷ್ಟೇನಾ?" ಎಂದೆ.

"ಇಷ್ಟೇ ತಾಯಿ. ಎಲೆಕ್ಷನ್ ಮುಗಿದ್ಮೇಲೆ ಬಂದು ತಗೊಂಡ್ಹೋಗಿ. ಬೇಕಾದ್ರೆ ಇಲ್ಲೇ ಇರ್ಲಿ. ಮದುವೆ ಮುಂಜಿ ಅಂತ ಊರಿಗೆ ಹೋಗೋವಾಗ ಎಲ್ರೂ ಇಲ್ಲಿ ಇಟ್ಟೇ ಹೋಗೋದು. ಬರೆದುಕೊಡೋಕೆ ಐದು ನಿಮಿಷ. ನೀವು ಹಿಂದೆ ಯಾವತ್ತೂ ಇಟ್ಟಿಲ್ವಾ?"

ಮೆಲ್ಲಗೆ ಯಜಮಾನರ ಕಡೆ ತಿರುಗಿದೆ. ಅವರು ಬೆಂಚಿನ ಮೇಲೆ ಕೂತು ರಸೀತಿಯ ಹಿಂಬದಿಯನ್ನು ಓದುತ್ತಿದ್ದರು.

"ನಿಮಗೆ ಇದು ಗೊತ್ತಿತ್ತಾ?"

"ಒಂಬತ್ತನೇ ಕಲಮು" ಎಂದರು ತಲೆಯೆತ್ತದೆ.

"ಗೊತ್ತಿದ್ದೂ ಯಾಕ್ರೀ ಹೇಳಲಿಲ್ಲ?"

ಯಜಮಾನರು ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಅವರ ಮುಖದಲ್ಲಿ ಕೊಂಕು ಕಾಣುತ್ತದೆಯೇ ಎಂದು ಹುಡುಕಿದೆ. ಒಂದಿಷ್ಟೂ ಇರಲಿಲ್ಲ.

"ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ ಕಣೇ" ಎಂದರು. "ನಿಮ್ಮ ತವರಿನಲ್ಲಿ ಕೋವಿ ಇತ್ತಲ್ಲ."