ಮಾವನವರು ರಾಕ್ಷಸರಿಗೆ ಸುಳಿ ನೋಡಿದ್ದು

ನಮ್ಮ ಮಾವನವರು ರಾಕ್ಷಸರನ್ನು ಸಾಕಿದ್ದಾರೆ ಎಂದರೆ ನೀವು ನಂಬಬೇಕು! ಒಂದಲ್ಲ, ನಲವತ್ತು. ನಾನು ನರಸಿಂಹಸ್ವಾಮಿಗೆ ದೀಪ ಹಚ್ಚುವ ಹೊತ್ತಿಗೆ ಅವರು ಮಂಚದ ಮೇಲೆ ಫೋನು ಹಿಡಿದು ಆ ನಲವತ್ತಕ್ಕೂ ಹಾಜರಿ ಹಾಕುತ್ತಿರುತ್ತಾರೆ. ಸದ್ಯ, ಅವಕ್ಕೆ ಮೇವು ಹಾಕುವ ಕೆಲಸ ನನಗಿಲ್ಲ.

ಈ ಹುಚ್ಚು ಹಿಡಿದದ್ದು ಹಾಸನದ ಆಸ್ಪತ್ರೆಯಲ್ಲಿ. ಅವರ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಹಳ್ಳಿಮೈಸೂರಿನಿಂದ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗುತ್ತೇವೆ. ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಒಪ್ಪಿಸಿ ಮಲಗಬೇಕು. ಪಕ್ಕದ ಹಾಸಿಗೆಗೆ ಚನ್ನರಾಯಪಟ್ಟಣದ ಮೇಷ್ಟ್ರೊಬ್ಬರು ಬರುತ್ತಿದ್ದರು. ಇನ್ನೂ ಮೂವತ್ತೈದು ತುಂಬದವರು. ಫೋನಿನಲ್ಲಿ ರಾಕ್ಷಸರನ್ನು ಕಾದಾಡಿಸುವ ಈ ಆಟ ಕಲಿಸಿದವರು ಅವರೇ. ಪ್ರತಿ ರಾಕ್ಷಸನಿಗೂ ಏಟಿಗಿಷ್ಟು, ತಡೆಗಿಷ್ಟು, ಓಟಕ್ಕಿಷ್ಟು ಅಂತ ಅಂಕ. ಎದುರಿನವನು ಬೆಂಕಿಯವನೋ ನೀರಿನವನೋ ಗಿಡದವನೋ ನೋಡಿ ಕಣಕ್ಕಿಳಿಸಬೇಕಂತೆ.

ನಮ್ಮ ಮಾವನವರು ಅಂಕ ನೋಡುವ ಪೈಕಿಯೇ? ಎತ್ತು ಕೊಳ್ಳುವವರೆಲ್ಲ ಒಂದು ಕಾಲಕ್ಕೆ ಅವರನ್ನೇ ದನದ ಸಂತೆಗೆ ಕರೆದೊಯ್ಯುತ್ತಿದ್ದರು. ಹಲ್ಲು ಎಣಿಸಿ, ಮೈಮೇಲೆ ಕೂದಲ ಸುಳಿ ಎಲ್ಲೆಲ್ಲಿದೆ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದರು. ಈಗ ಫೋನನ್ನು ಮೂಗಿಗೆ ಹಿಡಿದು ರಾಕ್ಷಸರಿಗೂ ಸುಳಿ ಹುಡುಕಿದರು! ಮೇಷ್ಟ್ರು ಹೊಗಳಿದ ಬೆಂಕಿ ಉಗುಳುವ ಹುಲಿಯನ್ನು, ಭುಜದ ಸುಳಿ ಸರಿಯಿಲ್ಲ, ಸಾಕಿದವನಿಗೆ ಕೇಡು ಎಂದು ಬಿಟ್ಟುಬಿಟ್ಟರು. ಆರಿಸಿದ್ದು ಗುಡ್ಡದಂಥ ಒಂದು ಕೊಂಬಿನ ಪ್ರಾಣಿ. ಅದು ಒಂದು ಹೆಜ್ಜೆ ಇಡುವಷ್ಟರಲ್ಲಿ ಮೇಷ್ಟ್ರ ರಾಕ್ಷಸ ಮೂರು ಸಲ ಗುದ್ದಿಯಾಗಿತ್ತು.

“ಗೌಡ್ರೇ, ಸೋತ್ರಿ,” ಅಂದರು ಮೇಷ್ಟ್ರು.

“ಸೋತ್ರೇನಾಯ್ತು ಬುಡಿ ಮೇಷ್ಟ್ರೇ, ಗದ್ದೆ ಉಳಾಕೆ ಇದ್ರಂತದು ಇನ್ನೊಂದಿಲ್ಲ.”

ನರ್ಸಮ್ಮ ಸೂಜಿ ಹಿಡಿದುಕೊಂಡೇ ನಕ್ಕರು. ಆ ವಾರ್ಡಿನಲ್ಲಿ ನಗು ಕೇಳುವುದೆಂದರೆ ಅದೂ ಪ್ರಸಾದವೇ.

ಮಾವನವರು ಮನುಷ್ಯರನ್ನೂ ಅಳೆಯದೆ ಬಿಡಲಿಲ್ಲ. ಡಾಕ್ಟರಿಗೆ ಓಟ ಜಾಸ್ತಿ, ನಿಲುಗಡೆ ಇಲ್ಲವಂತೆ. ನನಗೆ ಏಟು ಕಮ್ಮಿ, ತಡೆ ಜಾಸ್ತಿಯಂತೆ. ಅವರ ಮಗನ ಜೊತೆ ಇಪ್ಪತ್ತು ವರ್ಷ ಬಾಳಿದವಳಿಗೆ ತಡೆ ಇರದೆ ಇನ್ನೇನು?

ಹೋದ ತಿಂಗಳು ಒಂದು ಸೋಮವಾರ ಪಕ್ಕದ ಹಾಸಿಗೆಗೆ ಹೊಸ ಬೆಡ್‌ಶೀಟು ಹಾಸಿತ್ತು. ಮೇಷ್ಟ್ರು ಎಲ್ಲಿ ಎಂದು ಮಾವನವರು ಕೇಳಿದರು. ನರ್ಸಮ್ಮ ನನ್ನ ಮುಖ ನೋಡಿದರು. ಹಿಂದಿನ ದಿನವೇ ತೀರಿಕೊಂಡಿದ್ದರು. ಮಾವನವರು ನಾಲ್ಕು ಗಂಟೆಯೂ ಸೂರು ನೋಡುತ್ತಾ ಮಲಗಿದರು.

ಮುಂದಿನ ಸರದಿಗೆ ಮಂಚದಿಂದ ಏಳಲಿಲ್ಲ. “ಇನ್ನು ನಾನು ಬರಾಕಿಲ್ಲ ಕಣವ್ವ. ಸಾಕು.”

ನಮ್ಮವರು ಬೇಡಿದರು, ಬೈದರು. ಆ ಸರದಿ ತಪ್ಪಿತು. ಅದರಾಚೆಯ ಸರದಿಯ ಹೊತ್ತಿಗೆ ಕಾಲು ಊದಿ, ಉಸಿರು ಎಳೆಯುತ್ತಿತ್ತು. ಸ್ವಾಮಿಗೆ ಕೈಮುಗಿದೆ, ಏನೂ ಹೊಳೆಯಲಿಲ್ಲ. ಕೊನೆಗೆ ಅವರ ಫೋನು ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಎದುರಿಗೆ ನೀರಿನ ರಾಕ್ಷಸ. ನೋಡಲು ಚೆಂದವಿದೆ ಅಂತ ಬೆಂಕಿಯ ಮರಿಯೊಂದನ್ನು ಕಳಿಸಿದೆ. ಒಂದೇ ಏಟಿಗೆ ಮಲಗಿತು. ಅಂಥದೇ ಇನ್ನೊಂದು ಕಳಿಸಿದೆ. ಅದೂ ಮಲಗಿತು. ಮಾವನವರ ಕತ್ತು ಇತ್ತ ತಿರುಗಿತು.

“ನೀರ್ ಮುಂದ್ಕೆ ಬೆಂಕಿ ಬುಟ್ಟಾರೇನವ್ವ? ಆ ಗಿಡದ್ದ ಬುಡು.”

“ನಂಗೆಲ್ಲಿ ಗೊತ್ತಾಯ್ತದೆ ಮಾವ? ಬಸ್ಸಿಗೆ ಒತ್ತಾಯ್ತು. ದಾರೀಲಿ ಏಳ್ಕೊಡಿ.”

ಗೋಡೆ ಹಿಡಿದು ಎದ್ದು ಕೂತರು. ಆಮೇಲೆ ಹೆಗಲಿಗೆ ಟವಲು ಕೇಳಿದರು.

ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಹೊಳೆನರಸೀಪುರ ದಾಟುವಷ್ಟರಲ್ಲಿ ಅವರ ಆರು ರಾಕ್ಷಸರನ್ನು ತಪ್ಪಾಗಿ ಕಣಕ್ಕಿಳಿಸಿ ಸೋಲಿಸಿಕೊಂಡು ಕೂತಿದ್ದೆ. ನಾನು ಕಲಿಯುತ್ತೀನಾ ಎಂದು ಕೇಳಿದೆ. ಮಾವನವರು ಕಿಟಕಿಯ ಸರಳು ಹಿಡಿದು ಉಸಿರು ಕೂಡಿಸಿಕೊಂಡರು.

“ಕಲೀತೀಯ. ಎರಡು ವರ್ಸನಾದ್ರೂ ಬೇಕು,” ಅಂದರು. ನನ್ನ ಮುಖ ನೋಡಲಿಲ್ಲ. “ಇರ್ತೀನಿ ಬುಡವ್ವ.”